ಚಿಪ್ ಸತ್ತಿಲ್ಲ, ತಂತಿ ನೋಡಿ

ಮುಂಬಯಿಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಿನಿಂದ ತಂದ ಎಟಿಮೆಗಾ328ಪಿ ಮೈಕ್ರೋಕಂಟ್ರೋಲರ್ ಚಿಪ್ಪನ್ನು ಬ್ರೆಡ್‌ಬೋರ್ಡಿಗೆ (ಬೆಸುಗೆಯಿಲ್ಲದೆ ಜೋಡಿಸುವ ತೂತುಗಳ ಹಲಗೆ) ಚುಚ್ಚಿ, ಕಂಪ್ಯೂಟರಿನಿಂದ ಪ್ರೋಗ್ರಾಮ್ ಬರೆಯುವ ಯುಎಸ್‌ಬಿಎಎಸ್‌ಪಿ ಪ್ರೋಗ್ರಾಮರ್ ಜೋಡಿಸಿದಾಗ ಸಿಗ್ನೇಚರ್ (ಚಿಪ್ಪಿನ ಗುರುತಿನ ಸಂಖ್ಯೆ) ಬರೀ ಸೊನ್ನೆ ಬಂತೆಂದು ಡೊಂಬಿವಲಿಯಿಂದ ಹೊರಟು, ದಾದರಿನಲ್ಲಿ ಗಾಡಿ ಬದಲಿಸಿ, ಮತ್ತೆ ಅಲ್ಲಿನ ಗ್ರ್ಯಾಂಟ್ ರೋಡ್ ಸ್ಟೇಷನ್ನಿಗೆ ಓಡಬೇಡಿ. ಅಂಗಡಿಯವರನ್ನು ಬೈಯುವ ಮೊದಲು ಮಲ್ಟಿಮೀಟರ್ ಕೈಗೆತ್ತಿಕೊಳ್ಳಿ. ಇಂಥ ದೂರುಗಳಲ್ಲಿ ತಪ್ಪು ಹೆಚ್ಚಾಗಿ ತಂತಿಯದೇ.

28 ಕಾಲಿನ ಈ ಚಿಪ್ಪಿಗೆ ಕರೆಂಟ್ ಎರಡು ಕಡೆಯಿಂದ ಹೋಗಬೇಕು: 7ನೇ ಪಿನ್ ವಿಸಿಸಿ (ಮುಖ್ಯ ವಿದ್ಯುತ್), 20ನೇ ಪಿನ್ ಎವಿಸಿಸಿ (ಅನಲಾಗ್ ಭಾಗದ ವಿದ್ಯುತ್). ಗ್ರೌಂಡ್ ಕೂಡ ಎರಡು, 8 ಮತ್ತು 22. 'ಅನಲಾಗ್ ಬಳಸುತ್ತಿಲ್ಲವಲ್ಲ' ಎಂದು 20ನ್ನು ಬಿಡುವವರೇ ಜಾಸ್ತಿ. ಬಳಸದಿದ್ದರೂ ಅದನ್ನು ವಿಸಿಸಿಗೆ ಜೋಡಿಸಲೇಬೇಕೆಂದು ತಯಾರಕರ ಡೇಟಾಶೀಟೇ ಹೇಳುತ್ತದೆ. 21ನೇ ಪಿನ್ ಎಆರ್‌ಇಎಫ್, ಅನಲಾಗ್ ಅಳತೆಯ ಆಧಾರ ವೋಲ್ಟೇಜಿನದು. ಪಕ್ಕದಲ್ಲೇ ಇದೆಯೆಂದು ಅದನ್ನೂ 5 ವೋಲ್ಟಿಗೆ ಸೇರಿಸಬೇಡಿ.

7–8ರ ನಡುವೆ ಒಂದು, 20–22ರ ನಡುವೆ ಇನ್ನೊಂದು 100 ನ್ಯಾನೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಹಾಕಿ. ಮೇಲೆ 104 ಎಂದು ಬರೆದಿರುತ್ತದಲ್ಲ, ಅದೇ. ಚಿಪ್ ಒಳಗಿನ ಸ್ವಿಚಿಂಗ್ ನ್ಯಾನೋಸೆಕೆಂಡುಗಳಲ್ಲಿ ಕರೆಂಟ್ ಎಳೆಯುತ್ತದೆ. ಉದ್ದನೆಯ ಜಂಪರ್ ತಂತಿ ಅಷ್ಟು ಬೇಗ ಕೊಡಲಾರದು, ವೋಲ್ಟೇಜ್ ಕ್ಷಣಕಾಲ ಕುಸಿಯುತ್ತದೆ. ಸಿಗ್ನೇಚರ್ ಸರಿಯಾಗಿ ಬಂದರೂ, ಪ್ರೋಗ್ರಾಮ್ ಬರೆಯುವಾಗ ವೆರಿಫೈ ಎರರ್ (ಬರೆದದ್ದು ಮತ್ತೆ ಓದಿದಾಗ ತಾಳೆಯಾಗದ ದೋಷ) ಬರುವುದಕ್ಕೆ ಇದೊಂದು ಕಾರಣ. ಕೆಪಾಸಿಟರ್ ಬೋರ್ಡಿನ ಮೂಲೆಯಲ್ಲಿದ್ದರೆ ಇದ್ದೂ ಇಲ್ಲದಂತೆ; ಕಾಲು ಕತ್ತರಿಸಿ ಪಿನ್ನಿಗೆ ಒತ್ತಿಕೊಂಡಿರಬೇಕು.

ಉದ್ದನೆಯ ಬ್ರೆಡ್‌ಬೋರ್ಡುಗಳಲ್ಲಿ ಇನ್ನೊಂದು ಮೋಸವಿದೆ. ಬದಿಯ ಕೆಂಪು, ನೀಲಿ ಗೆರೆ ನಡುವೆ ತುಂಡಾಗಿದ್ದರೆ ಒಳಗಿನ ಪಟ್ಟಿಯೂ ತುಂಡಾಗಿರುತ್ತದೆ. ಅಲ್ಲಿ ಒಂದೊಂದು ಜಂಪರ್ ಹಾಕಿ, ವೋಲ್ಟೇಜನ್ನು ಆ ಬದಿಯ ಪಟ್ಟಿಯಲ್ಲಲ್ಲ, ಚಿಪ್ಪಿನ ಕಾಲಿನ ಮೇಲೇ ಅಳೆಯಿರಿ. ಮುಂಬಯಿ ಮಳೆಗಾಲದ ತೇವಕ್ಕೆ ಹಳೆಯ ಬೋರ್ಡಿನ ಕ್ಲಿಪ್ಪುಗಳು ಕಿಲುಬು ಹಿಡಿಯುತ್ತವೆ, ಅಂಥದ್ದನ್ನು ಎಸೆಯುವುದೇ ಲೇಸು.

ಇನ್ನುಳಿದದ್ದು ಸುಲಭ. ರೀಸೆಟ್ 1ನೇ ಪಿನ್, ಅದರಿಂದ ವಿಸಿಸಿಗೆ 10 ಕಿಲೋಓಮ್ ರೆಸಿಸ್ಟರ್. ಪ್ರೋಗ್ರಾಮರಿನ ತಂತಿಗಳಲ್ಲಿ ಚಿಪ್ಪಿಗೆ ಮಾಹಿತಿ ತರುವ ಮೋಸಿ 17, ಚಿಪ್ಪಿನಿಂದ ಒಯ್ಯುವ ಮಿಸೋ 18, ಎರಡಕ್ಕೂ ತಾಳ ಹಾಕುವ ಎಸ್‌ಸಿಕೆ 19. ಇಲ್ಲಿ ಸೀರಿಯಲ್ ಪೋರ್ಟಿನಂತೆ ತಂತಿ ಅದಲುಬದಲು ಮಾಡುವುದಿಲ್ಲ. ಮೋಸಿ ಮೋಸಿಗೇ ಹೋಗಬೇಕು. ಇದೇ ತಂತಿಗಳಲ್ಲಿ ಎಸ್‌ಡಿ ಕಾರ್ಡ್ ಮಾಡ್ಯೂಲ್ ಇದ್ದರೆ ಪ್ರೋಗ್ರಾಮ್ ಮಾಡುವಾಗ ಕಿತ್ತಿಡಿ. ಅಗ್ಗದ ಮಾಡ್ಯೂಲುಗಳಲ್ಲಿ ಕೆಲವು ಮಿಸೋವನ್ನು ಬಿಟ್ಟುಕೊಡುವುದೇ ಇಲ್ಲ.

ತಂತಿಯೆಲ್ಲ ಸರಿಯಿದ್ದೂ ಸೊನ್ನೆಯೇ ಬಂದರೆ ವೇಗ ನೋಡಿ. ಹೊಸ ಚಿಪ್ ಕಾರ್ಖಾನೆಯಿಂದ 1 ಮೆಗಾಹರ್ಟ್ಸಿನಲ್ಲಿ ಬರುತ್ತದೆ: ಒಳಗಿನ 8 ಮೆಗಾಹರ್ಟ್ಸನ್ನು ಎಂಟರಿಂದ ಭಾಗಿಸಿರುತ್ತಾರೆ. ಎಸ್‌ಸಿಕೆ ಅದರ ಕಾಲುಭಾಗಕ್ಕಿಂತ, ಅಂದರೆ 250 ಕಿಲೋಹರ್ಟ್ಸಿಗಿಂತ ಕಡಿಮೆಯಿರಬೇಕು. ಪ್ರೋಗ್ರಾಮರನ್ನು ನಡೆಸುವ ತಂತ್ರಾಂಶ ಎವಿಆರ್‌ಡ್ಯೂಡ್‌ನ ಆಜ್ಞೆಗೆ 'ಮೈನಸ್ ಬಿ 10' (ದೊಡ್ಡಕ್ಷರದ B) ಸೇರಿಸಿದರೆ ಸುಮಾರು 100 ಕಿಲೋಹರ್ಟ್ಸಿಗೆ ಇಳಿಯುತ್ತದೆ. ಆಗ ಸಿಗ್ನೇಚರ್ 1ಇ 95 0ಎಫ್ ಎಂದು ಕಾಣಬೇಕು. 1ಇ 95 14 ಬಂದರೆ ಕೈಯಲ್ಲಿರುವುದು 'ಪಿ' ಇಲ್ಲದ 328. ಆಜ್ಞೆಯಲ್ಲಿ ಚಿಪ್ಪಿನ ಹೆಸರು ಬದಲಿಸಿ.

ಫ್ಯೂಸ್ (ಚಿಪ್ಪಿನೊಳಗಿನ ಸೆಟ್ಟಿಂಗ್, ಸುಡುವ ಫ್ಯೂಸ್ ಅಲ್ಲ) ಬದಲಿಸಿದ ಮೇಲೆ ಚಿಪ್ ಮಾತೇ ಬಿಟ್ಟರೆ, ಬಹುಶಃ ಅದು ತಾಳ ಕೊಡುವ ಹೊರಗಿನ ಕ್ರಿಸ್ಟಲನ್ನು ಕಾಯುತ್ತಿರುತ್ತದೆ. 9 ಮತ್ತು 10ರ ನಡುವೆ 16 ಮೆಗಾಹರ್ಟ್ಸ್ ಕ್ರಿಸ್ಟಲ್, ಎರಡೂ ಕಾಲಿನಿಂದ ಗ್ರೌಂಡಿಗೆ 22 ಪಿಕೋಫ್ಯಾರಡ್ ಕೆಪಾಸಿಟರ್ ಕೊಟ್ಟು ಮತ್ತೆ ಓದಿ. ರೀಸೆಟ್ ಪಿನ್ನನ್ನೇ ರದ್ದು ಮಾಡುವ ಫ್ಯೂಸ್ ಒತ್ತಿದ್ದರೆ ಮಾತ್ರ ಈ ಉಪಾಯ ನಡೆಯದು, 12 ವೋಲ್ಟಿನ ಹೈ ವೋಲ್ಟೇಜ್ ಪ್ರೋಗ್ರಾಮರ್ ಬೇಕು.