ಕಲರ್ ಕೋಡ್ ಸರಿಯಿದ್ದರೂ ಬಾಗಿಲಿನ ಬಣ್ಣ ಯಾಕೆ ಬೇರೆ ಕಾಣುತ್ತದೆ?

ಪ್ರಶ್ನೆ: ನನ್ನದು ಏಳು ವರ್ಷದ ಸಿಲ್ವರ್ ಕಾರು. ಬೈಕಿನವನೊಬ್ಬ ಗುದ್ದಿ ಎಡಗಡೆಯ ಹಿಂದಿನ ಬಾಗಿಲು ಒಳಗೆ ಹೋಗಿತ್ತು. ಟಿಂಕರಿಂಗ್ ಮಾಡಿಸಿ ಪೇಂಟ್ ಹೊಡೆಸಿದೆ. ಈಗ ಆ ಬಾಗಿಲು ಮಾತ್ರ ಬೇರೆ ಯಾವುದೋ ಕಾರಿನದ್ದನ್ನು ತಂದು ಕೂರಿಸಿದ ಹಾಗೆ ಕಾಣುತ್ತಿದೆ. ಕಂಪನಿ ಕೋಡ್ ನೋಡಿಯೇ ಬಣ್ಣ ತಂದಿದ್ದು, ಎರಡು ತಿಂಗಳು ಬಿಸಿಲು ಬಿದ್ದರೆ ಸರಿಹೋಗುತ್ತದೆ ಅಂತ ಗ್ಯಾರೇಜಿನವರು ಹೇಳುತ್ತಾರೆ. ನಿಜವಾ?

ಉತ್ತರ: ಕೋಡ್ ನೋಡಿ ತಂದಿದ್ದು ನಿಜ ಇರಬಹುದು. ಬಿಸಿಲಿಗೆ ಸರಿಹೋಗುವ ಮಾತನ್ನು ಮಾತ್ರ ನಂಬಬೇಡಿ. ಹೊಸ ಪೇಂಟ್ ಪೂರ್ತಿ ಗಟ್ಟಿಯಾಗೋಕೆ ಕೆಲವು ವಾರ ಹಿಡಿಯುತ್ತದೆ ಅನ್ನುವುದು ಸರಿ. ಆದರೆ ಗಟ್ಟಿಯಾಗುವುದು ಬೇರೆ, ಬಣ್ಣ ಬದಲಾಗುವುದು ಬೇರೆ. ಇವತ್ತು ಕಪ್ಪಗೆ ಕಾಣುವ ಬಾಗಿಲು ಯುಗಾದಿಗೂ ಕಪ್ಪಗೇ ಕಾಣುತ್ತದೆ.

ನನಗೂ ಇದೇ ಆಗಿದೆ. ಸಂಜೆ ಏಳು ಗಂಟೆಗೆ ಗ್ಯಾರೇಜಿನಿಂದ ಗಾಡಿ ಬಿಡಿಸಿಕೊಂಡೆ. ಶೆಡ್ಡಿನ ಟ್ಯೂಬ್‌ಲೈಟ್ ಕೆಳಗೆ ಬಾಗಿಲು ಚೆನ್ನಾಗಿಯೇ ಕಂಡಿತ್ತು, ದುಡ್ಡು ಕೊಟ್ಟು, ಉಜ್ಜುವ ಪೇಪರ್ ಹೊಡೆದ ಹುಡುಗನಿಗೆ ಟೀಗೆ ಅಂತ ಇನ್ನೊಂದು ಐವತ್ತು ಕೊಟ್ಟು ಖುಷಿಯಾಗಿ ಮನೆಗೆ ಬಂದೆ. ಬೆಳಿಗ್ಗೆ ಹಾಲಿನ ಪ್ಯಾಕೆಟ್ ತರೋಕೆ ಗೇಟಿನ ಹತ್ತಿರ ಹೋದ ನನ್ನ ಹೆಂಡತಿ, "ರೀ, ಆ ಬಾಗಿಲು ಒದ್ದೆ ಇದೆಯಾ?" ಅಂದಳು. ಒದ್ದೆ ಇರಲಿಲ್ಲ. ಅಷ್ಟು ಕಪ್ಪಗಿತ್ತು!

ಮೊದಲು ಕೋಡ್ ವಿಷಯ. ಡ್ರೈವರ್ ಬಾಗಿಲು ತೆಗೆದರೆ ಕಾಣುವ ಕಂಬದ ಮೇಲೋ, ಬಾನೆಟ್ ಒಳಗೋ ಒಂದು ಸ್ಟಿಕ್ಕರ್ ಅಥವಾ ತಗಡಿನ ಪಟ್ಟಿ ಇರುತ್ತದೆ, ಕೋಡ್ ಸಾಮಾನ್ಯವಾಗಿ ಅದರಲ್ಲೇ. ಅದು ಊರಿನ ಹೆಸರಿದ್ದ ಹಾಗೆ, ಮನೆ ನಂಬರಲ್ಲ. ಒಂದೇ ಕೋಡ್ ಇರುವ ಎರಡು ಕಾರುಗಳಲ್ಲೂ ಬ್ಯಾಚಿನಿಂದ ಬ್ಯಾಚಿಗೆ ಬಣ್ಣ ಚೂರು ಆಚೀಚೆ ಆಗಿರುತ್ತದೆ. ಅದಕ್ಕೇ ಪೇಂಟ್ ಕಂಪನಿಗಳು ಒಂದು ಕೋಡಿಗೆ ಹಲವು ವೇರಿಯಂಟ್ ಇಟ್ಟಿರುತ್ತವೆ. ಒಂದು ಸ್ವಲ್ಪ ತಿಳಿ, ಒಂದು ಸ್ವಲ್ಪ ಹಳದಿ ಕಡೆಗೆ, ಇನ್ನೊಂದರಲ್ಲಿ ಮಿಣುಕು ದಪ್ಪ. ಇದರ ಮೇಲೆ ನಿಮ್ಮ ಕಾರು ಏಳು ವರ್ಷ ಬಿಸಿಲು, ಧೂಳು, ಮಳೆ ತಿಂದಿದೆ. ಒಳ್ಳೆ ಮಿಕ್ಸಿಂಗ್ ಅಂಗಡಿಯವನು ಕೋಡ್ ಕೇಳಿ ಸುಮ್ಮನಾಗುವುದಿಲ್ಲ. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಬಿಚ್ಚಿ ತನ್ನಿ ಅನ್ನುತ್ತಾನೆ, ಅದಕ್ಕೆ ಪಾಲಿಶ್ ಹಾಕಿ ಉಜ್ಜಿ, ಪಕ್ಕದಲ್ಲಿ ವೇರಿಯಂಟ್‌ಗಳ ಬಣ್ಣದ ಕಾರ್ಡ್ ಒಂದೊಂದೇ ಹಿಡಿದು ನೋಡುತ್ತಾನೆ. ಆಮೇಲೆ ತಕ್ಕಡಿ ಮೇಲೆ ಡಬ್ಬಿ ಇಟ್ಟು ಗ್ರಾಂ ಲೆಕ್ಕದಲ್ಲಿ ಟಿಂಟರ್, ಅಂದರೆ ಬೆರೆಸುವ ಮೂಲ ಬಣ್ಣ, ಸುರಿಯುತ್ತಾನೆ. ಕಪ್ಪು ಟಿಂಟರ್ ನಾಲ್ಕು ಹನಿ ಜಾಸ್ತಿ ಬಿದ್ದರೂ ಮುಗಿಯಿತು.

ಇಷ್ಟೆಲ್ಲ ಸರಿಯಾದರೂ ಸಿಲ್ವರ್ ಕೈಕೊಡುತ್ತದೆ. ಯಾಕೆಂದರೆ ಸಿಲ್ವರ್‌ನ ಬಣ್ಣ ಡಬ್ಬಿಯಲ್ಲಿ ಅರ್ಧ ಮಾತ್ರ ಇರುತ್ತದೆ, ಇನ್ನರ್ಧ ಪೇಂಟರ್ ಕೈಯಲ್ಲಿದೆ. ಅದರಲ್ಲಿರುವುದು ಅಲ್ಯೂಮಿನಿಯಂನ ಸಣ್ಣ ಸಣ್ಣ ಚೂರುಗಳು. ಅವು ಪುಟಾಣಿ ಕನ್ನಡಿಗಳು ಅಂದುಕೊಳ್ಳಿ. ಸ್ಪ್ರೇ ಗನ್ ಹತ್ತಿರ ಹಿಡಿದು ದಪ್ಪಗೆ, ಒದ್ದೆಒದ್ದೆಯಾಗಿ ಹೊಡೆದರೆ ಆ ಚೂರುಗಳು ಬಣ್ಣದೊಳಗೆ ಮುಳುಗಿ ಅಡ್ಡಾದಿಡ್ಡಿ ನಿಲ್ಲುತ್ತವೆ, ಎದುರಿನಿಂದ ನೋಡಿದರೆ ಬಾಗಿಲು ಕಪ್ಪಗೆ ಕಾಣುತ್ತದೆ. ಸ್ವಲ್ಪ ದೂರದಿಂದ, ಗಾಳಿ ಜಾಸ್ತಿ ಕೊಟ್ಟು ತೆಳ್ಳಗೆ ಹೊಡೆದರೆ ಅವು ಮೇಲೆಯೇ ಚಪ್ಪಟೆಯಾಗಿ ಮಲಗುತ್ತವೆ, ಬಾಗಿಲು ಬೆಳ್ಳಗೆ ಹೊಳೆಯುತ್ತದೆ. ಒಂದೇ ಡಬ್ಬಿಯ ಬಣ್ಣವನ್ನು ಇಬ್ಬರು ಪೇಂಟರ್ ಕೈಗೆ ಕೊಟ್ಟು ನೋಡಿ, ಎರಡು ಸಿಲ್ವರ್ ಬರುತ್ತದೆ. ನನ್ನ ಬಾಗಿಲಿಗೆ ಆಗಿದ್ದೂ ಇದೇ. ಕತ್ತಲಾಗುವುದರೊಳಗೆ ಮುಗಿಸಬೇಕು ಅಂತ ಎರಡು ಕೋಟ್ ಗಡದ್ದಾಗಿ ಸುರಿದಿದ್ದರು.

ನಿಮ್ಮದು ಇದೇ ತೊಂದರೆಯಾ ಅಂತ ಪತ್ತೆ ಮಾಡುವುದು ಸುಲಭ. ಬೆಳಿಗ್ಗೆ ಒಂಬತ್ತರ ಬೆಳಕಿನಲ್ಲಿ ಬಾಗಿಲ ಎದುರಿಗೆ ನಿಂತು ನೋಡಿ. ಆಮೇಲೆ ಹಿಂದಿನ ಬಂಪರ್ ಹತ್ತಿರ ಹೋಗಿ ಕಾರಿನ ಉದ್ದಕ್ಕೂ ಓರೆಯಾಗಿ ನೋಡಿ. ಎದುರಿನಿಂದ ಕಪ್ಪಗಿದ್ದದ್ದು ಓರೆಯಿಂದ ಪಕ್ಕದ ಬಾಗಿಲಿಗಿಂತ ಬೆಳ್ಳಗೆ ಕಂಡರೆ ಹೆಚ್ಚಾಗಿ ತಪ್ಪು ಹೊಡೆದ ರೀತಿಯದ್ದು. ಎಲ್ಲಿಂದ ನೋಡಿದರೂ ಒಂದೇ ತರಹ ಕಪ್ಪಗೋ ಹಳದಿಯಾಗಿಯೋ ಇದ್ದರೆ ಮಿಕ್ಸಿಂಗೇ ತಪ್ಪು.

ಗದ್ದಲ ಮಾಡುವ ಮುಂಚೆ ಒಂದು ಕೆಲಸ ಮಾಡಿ. ಪಕ್ಕದ ಬಾಗಿಲನ್ನು ಚೆನ್ನಾಗಿ ತೊಳೆದು, ಒಂದು ಅಡಿ ಜಾಗಕ್ಕೆ ಪಾಲಿಶ್ ಹಾಕಿ. ಎಷ್ಟೋ ಸಲ ಹೊಸ ಪೇಂಟ್ ಸರಿಯೇ ಇರುತ್ತದೆ, ಹಳೇದೇ ಮಂಕಾಗಿರುತ್ತದೆ. ಪಾಲಿಶ್ ಹಾಕಿದ ಜಾಗ ಹೊಸ ಬಾಗಿಲಿಗೆ ಹತ್ತಿರ ಬಂದರೆ ಇಡೀ ಕಾರಿಗೆ ಪಾಲಿಶ್ ಮಾಡಿಸಿ ಸುಮ್ನಿರಿ. ಆದರೆ ಪದೇ ಪದೇ ರಬ್ಬಿಂಗ್ ಬೇಡ. ಫ್ಯಾಕ್ಟರಿ ಪೇಂಟ್ ಎಲ್ಲ ಪದರ ಸೇರಿ ಸುಮಾರು 100ರಿಂದ 130 ಮೈಕ್ರಾನ್, ಅಂದರೆ ಹೆಚ್ಚುಕಡಿಮೆ ಎರಡು ಕೂದಲು ಜೋಡಿಸಿದಷ್ಟು. ಅದರಲ್ಲಿ ಮೇಲಿನ ಬಣ್ಣವಿಲ್ಲದ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಸುಮಾರು 40 ಮೈಕ್ರಾನ್. ಅದು ಸವೆದು ಹೋದರೆ ಮತ್ತೆ ಪೇಂಟೇ ಗತಿ.

ಹೊಂದಲಿಲ್ಲ ಅಂದರೆ ಮತ್ತೆ ಹೊಡೆಸಬೇಕು, ಆದರೆ ಬರೀ ಆ ಬಾಗಿಲಿಗಲ್ಲ. ಬ್ಲೆಂಡ್ ಮಾಡಿ ಅಂತ ಕೇಳಿ. ಬಾಗಿಲಿಗೆ ಪೂರ್ತಿ ಬಣ್ಣ, ಪಕ್ಕದ ಮುಂದಿನ ಬಾಗಿಲಿಗೆ ಬಣ್ಣವನ್ನು ಮಂಜಿನ ಹಾಗೆ ತೆಳುವಾಗಿಸುತ್ತಾ ಅರ್ಧಕ್ಕೆ ಬಿಟ್ಟು, ಆಮೇಲೆ ಎರಡೂ ಬಾಗಿಲಿಗೆ ಅಂಚಿನಿಂದ ಅಂಚಿಗೆ ಕ್ಲಿಯರ್ ಹೊಡೆಯುವುದು. ಬಣ್ಣ ನಿಜವಾಗಿ ಒಂದಾಗುವುದಿಲ್ಲ. ಆದರೆ ಎರಡು ಬಣ್ಣ ಬಾಗಿಲ ಸಂದಿಯಲ್ಲಿ ಎದುರುಬದುರು ನಿಲ್ಲುವುದಿಲ್ಲ, ಹಾಗಾಗಿ ಕಣ್ಣಿಗೆ ಸಿಕ್ಕುವುದಿಲ್ಲ. ಸರ್ವಿಸ್ ಸೆಂಟರುಗಳಲ್ಲೂ ಮಾಡುವುದು ಇದನ್ನೇ. ಪೇಂಟರ್ ಇದಕ್ಕೆ ಮುಖ ಸಿಂಡರಿಸುತ್ತಾನೆ, ಕಾರಣವೂ ಇದೆ. ಒಂದು ಬಾಗಿಲಿನ ದುಡ್ಡಿಗೆ ಎರಡು ಮೂರು ಪ್ಯಾನೆಲ್ ಕೆಲಸ. ಅದರಲ್ಲೂ ಹಿಂದಿನ ಬಾಗಿಲಾದರೆ ಅದರ ಹಿಂದೆ ಚಕ್ರದ ಮೇಲಿರುವ ಪ್ಯಾನೆಲ್ ಮೇಲಕ್ಕೆ ರೂಫಿನವರೆಗೂ ಒಂದೇ ತುಂಡು, ಕ್ಲಿಯರ್ ಎಲ್ಲಿ ನಿಲ್ಲಿಸುವುದು ಅನ್ನುವುದೇ ತಲೆನೋವು. ಆ ಹೆಚ್ಚಿನ ದುಡ್ಡಿನ ಮಾತು ಕೆಲಸಕ್ಕೆ ಮುಂಚೆ ಆಗಬೇಕಿತ್ತು. ಈಗಲೂ ಅರ್ಧರ್ಧ ಹಂಚಿಕೊಳ್ಳೋಣ ಅಂದರೆ ಹೆಚ್ಚಿನವರು ಒಪ್ಪುತ್ತಾರೆ.

ಈ ಸಲ ಒಂದು ತಗಡಿನ ಚೂರಿನ ಮೇಲೆ ಅದೇ ಗನ್‌ನಲ್ಲಿ ಸ್ಯಾಂಪಲ್ ಹೊಡೆಸಿ, ಕ್ಲಿಯರ್ ಕೂಡ ಹಾಕಿಸಿ, ಒಣಗಿದ ಮೇಲೆ ಹೊರಗಡೆ ಬೆಳಕಿನಲ್ಲಿ ಕಾರಿಗೆ ಹಿಡಿದು ನೋಡಿ. ಕ್ಲಿಯರ್ ಇಲ್ಲದ ಸ್ಯಾಂಪಲ್ ನೋಡಿ ಏನೂ ಪ್ರಯೋಜನವಿಲ್ಲ.

ಇನ್ನೊಂದು, ಬಾಗಿಲಿನ ಕೆಲಸ ಹೇಗೂ ಮತ್ತೆ ಆಗುತ್ತದೆ, ಪೇಂಟಿನ ಕೆಳಗೆ ಗುಂಡಿ ಮಟ್ಟ ಮಾಡೋಕೆ ಮೆತ್ತಿದ ಪುಟ್ಟಿಯನ್ನೂ ಪರೀಕ್ಷೆ ಮಾಡಿ. ಫ್ರಿಜ್ಜಿಗೆ ಅಂಟಿಸುವ ಮ್ಯಾಗ್ನೆಟ್ ತಗೊಂಡು ಡೆಂಟ್ ಇದ್ದ ಜಾಗಕ್ಕೆ ಹಿಡಿಯಿರಿ. ಮೆತ್ತಗೆ ಹಿಡಿದರೆ ಪರವಾಗಿಲ್ಲ, ಜಾರಿ ಕೆಳಗೆ ಬಿದ್ದರೆ ತಗಡು ಎತ್ತದೆ ಪುಟ್ಟಿಯಲ್ಲೇ ಗುಂಡಿ ತುಂಬಿದ್ದಾರೆ. ಉಜ್ಜಿದ ಮೇಲೆ ಎರಡು ಮೂರು ಮಿಲಿಮೀಟರ್‌ಗಿಂತ ಜಾಸ್ತಿ ಪುಟ್ಟಿ ಉಳಿಯಬಾರದು. ಪುಟ್ಟಿಯನ್ನು ನೀರು ಹಾಕಿ ಉಜ್ಜುವುದೂ ತಪ್ಪು, ಅದು ನೀರು ಹೀರಿಕೊಂಡು ಆಮೇಲೆ ಪೇಂಟ್ ಗುಳ್ಳೆ ಏಳುತ್ತದೆ. ಮಳೆಗಾಲದಲ್ಲಂತೂ ಕಂಪ್ರೆಸರ್ ಗಾಳಿಯಲ್ಲೇ ನೀರಿರುತ್ತದೆ. ಆಗುವುದಾದರೆ ಬಿಸಿಲು ಬಂದ ಮೇಲೆ ಮಾಡಿಸಿ.

ನಾನೇ ಸ್ಪ್ರೇ ಡಬ್ಬಿ ತಂದು ಹೊಡೆಯಲಾ ಅಂತ ಕೆಲವರು ಕೇಳುತ್ತಾರೆ. ಉಗುರಿನಷ್ಟು ಜಾಗಕ್ಕೆ ಟಚ್‌ಅಪ್ ಬ್ರಷ್ ಸಾಕು, ಬಾಗಿಲಿಗೆ ಬೇಡ. ಗಟ್ಟಿಯಾಗೋಕೆ ಹಾರ್ಡ್‌ನರ್ ಬೆರೆಸುವ ಕ್ಲಿಯರ್ ಅಂತೂ ಮನೆಯಲ್ಲಿ ಬೇಡವೇ ಬೇಡ. ಅದರಲ್ಲಿರುವ ಐಸೋಸಯನೇಟ್ ಅನ್ನುವ ರಾಸಾಯನಿಕ ಶ್ವಾಸಕ್ಕೆ ಹೋದರೆ ಆಸ್ತಮಾ ತರಬಹುದು, ಕರ್ಚೀಫ್ ಕಟ್ಟಿಕೊಂಡರೆ ತಡೆಯುವುದಿಲ್ಲ. ನಮ್ಮ ಎಷ್ಟೋ ಶೆಡ್ಡುಗಳಲ್ಲಿ ಹುಡುಗರು ಕಟ್ಟಿಕೊಳ್ಳುವುದು ಅದನ್ನೇ, ನೋಡಿದರೆ ಹೊಟ್ಟೆ ಉರಿಯುತ್ತದೆ.

ಇನ್ಶೂರೆನ್ಸ್‌ನಲ್ಲಿ ಮಾಡಿಸುವ ಯೋಚನೆ ಇದ್ದರೆ, ಝೀರೋ ಡೆಪ್ (ಸವಕಳಿ ಕಳೆಯದ ಕವರ್) ಇಲ್ಲದ ಪಾಲಿಸಿಯಲ್ಲಿ ಪೇಂಟಿನ ಸಾಮಾನಿನ ಖರ್ಚಿಗೆ 50% ಸವಕಳಿ ಕಳೆಯುತ್ತಾರೆ. ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್ಸೂ, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿಯೂ, ಹೋಗುತ್ತದೆ, ಅದು ಐದು ವರ್ಷದಲ್ಲಿ 50%ವರೆಗೆ ಬೆಳೆದಿರಬಹುದು. ಒಂದು ಬಾಗಿಲಿಗೆ ಲೆಕ್ಕ ಹಾಕಿದರೆ ಹೆಚ್ಚಾಗಿ ಕೈಯಿಂದ ಕೊಡುವುದೇ ಕಮ್ಮಿ ಬೀಳುತ್ತದೆ.

ಮತ್ತೆ ಈ ಸಲ ಗಾಡಿ ತರೋಕೆ ಬೆಳಿಗ್ಗೆ ಹೋಗಿ.