‘ವಿವೇಚನೆ’ ಅಂದ ಮಾತ್ರಕ್ಕೆ ಕಮಿಷನ್ ಕರಗುತ್ತದೆಯೇ?

ಆಫರ್ ಲೆಟರಿನ ನಾಲ್ಕನೇ ಪುಟದ ಒಂದು ಸಾಲಿನ ಮೇಲೆ ವಕೀಲನಾದ ನನ್ನ ಬಳಿ ಬಂದ ಹುಡುಗ ಬೆರಳಿಟ್ಟಿದ್ದ: ಕಮಿಷನ್ ಕೊಡುವುದು ಬಿಡುವುದು ಕಂಪನಿಯ ವಿವೇಚನೆಗೆ ಸೇರಿದ್ದು. “ಇದಕ್ಕೆ ಸಹಿ ಹಾಕಿದೀನಿ ಅಂದ್ಮೇಲೆ ಮುಗೀತಲ್ವಾ ಸಾರ್?”

ಸರ್ಜಾಪುರ ರಸ್ತೆ ಕಡೆ ಫ್ಲ್ಯಾಟ್ ಮಾರುವ ಕೆಲಸ ಅವನದು. ಮಾರ್ಚಿನಲ್ಲಿ ಮೂರು ಮಾರಿ, ಏಪ್ರಿಲಿನಲ್ಲಿ ರಾಜೀನಾಮೆ ಕೊಟ್ಟಿದ್ದ. ಕೆಲಸ ಬಿಟ್ಟಾಗ ಕಂಪನಿ ಮಾಡುವ ಕೊನೆಯ ಲೆಕ್ಕದಲ್ಲಿ, ಅಂದರೆ ಫುಲ್ ಅಂಡ್ ಫೈನಲ್‌ನಲ್ಲಿ, ಕಮಿಷನ್ ಎದುರು ಸೊನ್ನೆ.

ಹಳೇ ಮೇಲ್‌ಗಳನ್ನು ಹುಡುಕಿಸಿದೆ. ಜನವರಿಯ ಇನ್ಸೆಂಟಿವ್ ಸ್ಕೀಮ್ ಸಿಕ್ಕಿತು. ಅಗ್ರಿಮೆಂಟ್ ಆಗಿ ಶೇ 20ರಷ್ಟು ಹಣ ಬಂದರೆ ಮಾರಾಟದ ಬೆಲೆಯಲ್ಲಿ ಅರ್ಧ ಪರ್ಸೆಂಟ್ ಅವನಿಗೆ. ಅದರಲ್ಲಿ ‘ವಿವೇಚನೆ’ಯ ಸುಳಿವೇ ಇರಲಿಲ್ಲ.

ವರ್ಷದ ಕೊನೆಗೆ ಧಣಿ ಖುಷಿಯಿಂದ ಕೊಡುವ ಬೋನಸ್ ಬೇರೆ. ಅಲ್ಲಿ ವಿವೇಚನೆಗೆ ನಿಜಕ್ಕೂ ಜಾಗವಿದೆ. ಇಂತಿಷ್ಟು ಮಾರಿದರೆ ಇಂತಿಷ್ಟು ಎಂದು ಲೆಕ್ಕ ಕಟ್ಟಿಕೊಟ್ಟ ಕಮಿಷನ್ ಬೇರೆ. ಷರತ್ತು ಪೂರೈಸಿದ ದಿನವೇ ಅದು ಕಂಪನಿಯ ಮೇಲಿನ ಸಾಲ. ಮುಂದಿನ ತಿಂಗಳಿಗೆ ಸ್ಕೀಮ್ ಬದಲಿಸುತ್ತೇವೆ ಅಂದರೆ ಸರಿ ಅನ್ನೋಣ. ಈ ಕಂಪನಿ ಮೇ ತಿಂಗಳಲ್ಲಿ ಹೊಸ ಸ್ಕೀಮ್ ಕಳಿಸಿ, ಜನವರಿಯಿಂದಲೇ ಅನ್ವಯ ಅಂದಿತ್ತು! 1872ರ ಕರಾರು ಕಾಯ್ದೆಯ 62ನೇ ಕಲಮಿನ ಪ್ರಕಾರ ಕರಾರು ಬದಲಾಗಲು ಇಬ್ಬರೂ ಒಪ್ಪಬೇಕು. ಮಾರಾಟದ ಮೊತ್ತದ ಮೇಲೆ ಕರಾರಿನಂತೆ ನಿಗದಿಯಾದ ಕಮಿಷನ್ ಸಂಬಳದ ಭಾಗವೇ ಎಂದು ಸುಪ್ರೀಂ ಕೋರ್ಟ್ ದಶಕಗಳ ಹಿಂದೆಯೇ, ಗೆಸ್ಟೆಟ್ನರ್ ಪ್ರಕರಣದಲ್ಲಿ ಹೇಳಿದೆ. ಅದು ಆದಾಯ ತೆರಿಗೆಯ ಪ್ರಕರಣ, ನಿಜ. ಆದರೂ ಕಮಿಷನ್ ಅಂದರೆ ಭಕ್ಷೀಸು ಎನ್ನುವವರಿಗೆ ಓದಿಸಲು ಒಳ್ಳೆಯದು.

‘ಹಣ ಕೊಡುವ ದಿನ ಕೆಲಸದಲ್ಲಿರಬೇಕು’ ಎಂಬ ಷರತ್ತು ಮೊದಲೇ ಸ್ಪಷ್ಟವಾಗಿದ್ದರೆ ನಮ್ಮ ಕೇಸು ಬಡವಾಗುತ್ತದೆ. ಅದನ್ನು ಮುಚ್ಚಿಟ್ಟು ಕಕ್ಷಿದಾರರಿಗೆ ಆಸೆ ಹುಟ್ಟಿಸಬಾರದು.

2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯ ಬಗ್ಗೆ ಈಗ ಎಲ್ಲರೂ ಕೇಳುತ್ತಾರೆ. ಕೆಲಸ ಬಿಟ್ಟ ಎರಡು ಕೆಲಸದ ದಿನಗಳೊಳಗೆ ವೇತನ ಚುಕ್ತಾ ಆಗಬೇಕು. ಆದರೆ ಅದರ ‘ವೇತನ’ದ ವ್ಯಾಖ್ಯೆ ಕಮಿಷನ್ನನ್ನು ಹೊರಗಿಟ್ಟಿದೆ. ಹಾಗೆ ಹೊರಗಿಟ್ಟ ಬಾಬ್ತುಗಳು ಒಟ್ಟು ಆದಾಯದ ಅರ್ಧ ಮೀರಿದರೆ, ಮೀರಿದಷ್ಟು ವೇತನವೇ. ಮೂಲ ಸಂಬಳ 20,000, ಕಮಿಷನ್ 40,000 ಇದ್ದವನಿಗೆ 10,000 ಹೀಗೆ ಒಳಗೆ ಬರುತ್ತದೆ. ಉಳಿದ 30,000 ಮುಳುಗಿತು ಅಂತಲ್ಲ. ಅದನ್ನು ಕರಾರಿನ ಬಾಕಿ ಎಂದು ಸಿವಿಲ್ ಕೋರ್ಟಿನಲ್ಲಿ ಕೇಳಬಹುದು. ಮೂರು ವರ್ಷದೊಳಗೆ ದಾವೆ ಹೂಡಬೇಕು, ಅಷ್ಟೆ.

ನಮ್ಮವರು ಎಡವುವುದು ಕೆಲಸದಿಂದ ಬಿಡುಗಡೆಯಾದ ಪತ್ರದ, ಅಂದರೆ ರಿಲೀವಿಂಗ್ ಲೆಟರಿನ ಆಸೆಗೆ. ‘ನನಗೆ ಬರಬೇಕಾದ್ದೆಲ್ಲ ಬಂದಿದೆ’ ಎಂಬ ಕಾಗದಕ್ಕೆ ಕಣ್ಮುಚ್ಚಿ ಸಹಿ ಹಾಕುತ್ತಾರೆ. ಹಾಕಲೇಬೇಕಾಗಿ ಬಂದರೆ ‘ಕಮಿಷನ್ ಬಾಕಿ ಇದೆ’ ಎಂದು ಪಕ್ಕದಲ್ಲೇ ಬರೆಯಿರಿ, ಅದೇ ದಿನ ಮೇಲ್ ಕಳಿಸಿ. ಸ್ಕೀಮಿನ ಪ್ರತಿ ಇಟ್ಟುಕೊಳ್ಳಿ. ಗ್ರಾಹಕರ ಪಟ್ಟಿಯನ್ನು ಮಾತ್ರ ನಿಮ್ಮ ಜಿಮೇಲ್‌ಗೆ ಕಳಿಸಿಕೊಳ್ಳಬೇಡಿ. ಡೇಟಾ ಕದ್ದ ಅಂತ ಕಂಪನಿಯವರು ತಿರುಗಿ ಬೀಳುತ್ತಾರೆ.

ಹುಡುಗನ ವಾಟ್ಸ್‌ಆ್ಯಪಿನಲ್ಲಿ ಮ್ಯಾನೇಜರ್ ಬರೆದಿದ್ದ ಸಾಲೊಂದಿತ್ತು: “ಮೂರೂ ಕ್ಲೋಸ್ ಆಯ್ತು ಗುರು, ಪಾರ್ಟಿ ಯಾವಾಗ?” ನೋಟಿಸಿನಲ್ಲಿ ಅದನ್ನೇ ಮೊದಲು ಹಾಕಿದೆ. ಎರಡು ಫ್ಲ್ಯಾಟಿನ ಕಮಿಷನ್ ಬಂತು. ಮೂರನೆಯದನ್ನು ಖರೀದಿದಾರರು ಕ್ಯಾನ್ಸಲ್ ಮಾಡಿದ್ದಾರೆ ಎಂದು ಕಂಪನಿಯವರು ಅನ್ನುತ್ತಿದ್ದಾರೆ. ಕ್ಯಾನ್ಸಲ್ ಆದ ಪತ್ರ ತೋರಿಸಿ ಅಂದಿದ್ದೇವೆ.