ಮಳೆಗೆ ಒಡೆಯುವ ಚೆರಿ, ಕಡಲಪಾಚಿಯ ಸಹಾಯ

ಕೊಯ್ಲಿಗೆ ಇನ್ನು ನಾಲ್ಕೈದು ದಿನ ಇದೆ ಅನ್ನುವಾಗ ಮಳೆ ಬಂದರೆ ಚೆರಿ ಬೆಳೆದವರಿಗೆ ಅವತ್ತು ನಿದ್ದೆ ಇಲ್ಲ. ವರ್ಷವಿಡೀ ಕಾದ ಹಣ್ಣು. ಬಣ್ಣ ಬಂದಿದೆ, ಸಿಹಿ ಏರಿದೆ, ಇನ್ನೇನು ಕೀಳಬೇಕು. ಮಳೆ ನಿಂತ ಮೇಲೆ ಒಂದು ಹಣ್ಣನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ. ತೊಟ್ಟು ಸೇರುವ ಕಡೆ ಸಣ್ಣ ಗುಳಿ ಇರುತ್ತದಲ್ವಾ, ಅಲ್ಲಿ ಒಂದು ಹನಿ ನೀರು ನಿಂತಿರುತ್ತದೆ. ಉಳಿದ ಮೈಯೆಲ್ಲ ಒಣಗಿದರೂ ಆ ಹನಿ ಬೇಗ ಆರುವುದಿಲ್ಲ. ಕೆಲವು ಗಂಟೆಗಳಲ್ಲಿ ಗುಳಿಯ ಸುತ್ತ ಉಗುರಿನಿಂದ ಗೀರಿದ ಹಾಗೆ ಒಂದು ಗೆರೆ ಮೂಡುತ್ತದೆ. ಆಮೇಲೆ ಅದು ಬಾಯಿ ಬಿಡುತ್ತದೆ. ಅಲ್ಲಿಂದ ಕೊಳೆರೋಗ ಒಳಗೆ ಹೋಗುತ್ತದೆ.

ಇದಕ್ಕೆ ಕಾರಣ ಆ ದಿನದ ಮಳೆ ಮಾತ್ರ ಅಲ್ಲ. ಚೆರಿ ಹಣ್ಣು ಮೂರು ಹಂತದಲ್ಲಿ ಬೆಳೆಯುತ್ತದೆ. ಮೊದಲು ಜೀವಕೋಶಗಳು ಬೇಗ ಬೇಗ ಹೆಚ್ಚುತ್ತವೆ, ಆಮೇಲೆ ಬೆಳವಣಿಗೆ ನಿಧಾನವಾಗಿ ಒಳಗಿನ ಬೀಜದ ಚಿಪ್ಪು ಗಟ್ಟಿಯಾಗುತ್ತದೆ, ಕೊನೆಗೆ ಅದೇ ಕೋಶಗಳು ನೀರು, ಸಕ್ಕರೆ ತುಂಬಿಕೊಂಡು ಊದುತ್ತವೆ. ಸಿಪ್ಪೆಯ ಮೇಲಿರುವ ಮೇಣದಂಥ ಹೊರಪೊರೆ ತಯಾರಾಗುವುದು ಹೆಚ್ಚಾಗಿ ಮೊದಲ ಹಂತದಲ್ಲಿ. ಕೊನೆಯಲ್ಲಿ ಹಣ್ಣು ಊದುವಾಗ ಹೊಸ ಪೊರೆ ಬರುವುದಿಲ್ಲ, ಇದ್ದದ್ದೇ ಹಿಗ್ಗಬೇಕು. ಹಿಗ್ಗಿ ಹಿಗ್ಗಿ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳು ಬೀಳುತ್ತವೆ. ಮಳೆನೀರು ಅಲ್ಲಿಂದ ನುಗ್ಗಿ ಒಂದು ಕೋಶ ಒಡೆದರೆ ಅದರ ಹುಳಿರಸ ಪಕ್ಕದ ಕೋಶಗಳ ಗೋಡೆಯಲ್ಲಿರುವ ಕ್ಯಾಲ್ಸಿಯಂ ಕಿತ್ತು ಅವನ್ನೂ ದುರ್ಬಲ ಮಾಡುತ್ತದೆ. ಜರ್ಮನಿಯ ಹ್ಯಾನೋವರ್‌ನಲ್ಲಿ ಮೋರಿಟ್ಸ್ ಕ್ನೋಖೆ ಮತ್ತು ಅವರ ತಂಡ ಇದನ್ನು ಜಿಪ್ ಬಿಚ್ಚಿಕೊಳ್ಳುವುದಕ್ಕೆ ಹೋಲಿಸಿದ್ದಾರೆ. ಒಂದು ಹಲ್ಲು ಬಿಟ್ಟರೆ ಸಾಕು, ಉಳಿದದ್ದು ತಾನಾಗಿಯೇ ಬಿಡುತ್ತಾ ಹೋಗುತ್ತದೆ.

ಇಲ್ಲಿಗೆ ಬರುತ್ತವೆ ಬಯೋಸ್ಟಿಮ್ಯುಲಂಟ್‌ಗಳು, ಅಂದರೆ ಜೈವಿಕ ಉತ್ತೇಜಕಗಳು. ಇವು ಗೊಬ್ಬರ ಅಲ್ಲ, ಕೀಟನಾಶಕವೂ ಅಲ್ಲ. ಯುರೋಪಿಯನ್ ಒಕ್ಕೂಟ 2019ರಲ್ಲಿ ಮಾಡಿದ ಕಾನೂನು 2022ರ ಜುಲೈನಿಂದ ಪೂರ್ತಿ ಜಾರಿಗೆ ಬಂತು. ಅದರಲ್ಲಿ ಇವಕ್ಕೆ ಒಂದು ವ್ಯಾಖ್ಯಾನವಿದೆ. ತನ್ನಲ್ಲಿರುವ ಪೋಷಕಾಂಶದಿಂದಲ್ಲದೆ, ಗಿಡದ ಕೆಲಸವನ್ನೇ ಚುರುಕು ಮಾಡಿ ಪೋಷಕಾಂಶದ ಬಳಕೆ, ಬಿಸಿಲು ಬರ ತಡೆಯುವ ಶಕ್ತಿ ಅಥವಾ ಫಸಲಿನ ಗುಣಮಟ್ಟ ಹೆಚ್ಚಿಸುವ ವಸ್ತು ಅಂತ. ಈ ವ್ಯಾಖ್ಯಾನ ನನಗೆ ಇಷ್ಟ, ಯಾಕೆಂದರೆ ಹಸಿದ ಮರಕ್ಕೆ ಇದು ಊಟ ಅಲ್ಲ ಅನ್ನುವುದು ಇದರಲ್ಲೇ ಇದೆ.

ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಕಡಲಪಾಚಿಯ ಸಾರ, ಅದರಲ್ಲೂ ಆಸ್ಕೊಫಿಲಮ್ ನೊಡೋಸಮ್ ಎಂಬ ಕಂದು ಪಾಚಿಯದು. ಉತ್ತರ ಅಟ್ಲಾಂಟಿಕ್‌ನ ಬಂಡೆ ದಡಗಳಲ್ಲಿ ಅದರ ವಾಸ. ನೀರು ಇಳಿದಾಗ ಬಿಸಿಲು, ಗಾಳಿ, ಚಳಿಗಾಲದಲ್ಲಿ ಹಿಮ. ನೀರು ಏರಿದಾಗ ಮತ್ತೆ ಉಪ್ಪಿನಲ್ಲಿ ಮುಳುಗಡೆ. ದಿನವೂ ಇದೇ ಪಾಡು. ಇಂಥ ಕಡೆ ಬದುಕಲು ಅದು ಮ್ಯಾನಿಟಾಲ್, ಬೀಟೈನ್, ಲ್ಯಾಮಿನರಿನ್, ಆಲ್ಜಿನೇಟ್ ಥರದ ವಸ್ತುಗಳನ್ನು ಮೈಯಲ್ಲಿ ತುಂಬಿಕೊಂಡಿರುತ್ತದೆ. ತೀರಾ ತೆಳ್ಳಗೆ ಮಾಡಿ ಎಲೆಗೆ ಸಿಂಪಡಿಸಿದಾಗ ಅದರಲ್ಲಿ ಹೋಗುವ ಸಾರಜನಕ ಲೆಕ್ಕಕ್ಕಿಲ್ಲದಷ್ಟು ಕಮ್ಮಿ. ಆದರೆ ಲ್ಯಾಮಿನರಿನ್ ತಾಗಿದ ಎಲೆ ರೋಗ ಬಂತೇನೋ ಎಂದು ಎಚ್ಚರಾಗಿ ತನ್ನ ರಕ್ಷಣೆಯ ಕೆಲಸ ಶುರು ಮಾಡುತ್ತದೆ. ಬೀಟೈನ್ ಕೋಶದೊಳಗಿನ ನೀರಿನ ಸಮತೋಲ ಕಾಯುತ್ತದೆ. ಪೋರ್ಚುಗಲ್‌ನ ಚೆರಿ ತೋಟಗಳಲ್ಲಿ ನಡೆದ ಪ್ರಯೋಗಗಳಲ್ಲಿ ಪಾಚಿಯ ಸಾರ, ಗ್ಲೈಸಿನ್ ಬೀಟೈನ್, ಕ್ಯಾಲ್ಸಿಯಂ ಇಂಥವನ್ನು ಕೊಯ್ಲಿಗೆ ಮುಂಚೆ ಸಿಂಪಡಿಸಿ ಹಣ್ಣು ಒಡೆಯುವುದು ಕಮ್ಮಿಯಾಗುವುದನ್ನು ನೋಡಿದ್ದಾರೆ. ಒಡೆಯುವುದು ನಿಂತೇಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಮಾತ್ರ ನಂಬಬೇಡಿ.

ದುಡ್ಡು ಹಾಳಾಗುವುದು ಜಾಸ್ತಿ ಹೊತ್ತು ತಪ್ಪಿದ ಸಿಂಪಡಣೆಯಲ್ಲಿ. ಹಣ್ಣು ಕೆಂಪಾದ ಮೇಲೆ ಡಬ್ಬ ಹುಡುಕಿಕೊಂಡು ಹೊರಟರೆ ಏನು ಮಾಡಲಾದೀತು? ಹಣ್ಣಿನಲ್ಲಿ ಎಷ್ಟು ಕೋಶ ಇರಬೇಕು ಅನ್ನುವುದು ಹೂ ಉದುರಿದ ಮೊದಲ ಕೆಲವು ವಾರಗಳಲ್ಲೇ ತೀರ್ಮಾನವಾಗಿರುತ್ತದೆ. ಹೊರಪೊರೆಯ ಕೆಲಸವೂ ಆಗಲೇ. ಹಾಗಾಗಿ ಕಾಯಿ ಹಸಿರಾಗಿರುವಾಗಲೇ ಮೊದಲ ಸಿಂಪಡಣೆ ಆಗಬೇಕು.

ಅದಕ್ಕೂ ಹಿಂದೆ ಹೋಗಬೇಕು. ಚೆರಿ ಮರ ಎಲೆ ಪೂರ್ತಿ ಬಿಡುವ ಮೊದಲೇ ಹೂ ಬಿಡುತ್ತದೆ. ಎಲೆ ಇಲ್ಲದೆ ಅಷ್ಟೊಂದು ಹೂವಿಗೆ ಆಹಾರ ಎಲ್ಲಿಂದ? ಹೋದ ವರ್ಷ ಬೇರು, ಕಾಂಡ, ಮೊಗ್ಗುಗಳಲ್ಲಿ ಕೂಡಿಟ್ಟದ್ದರಿಂದ. ಮುಂದಿನ ವರ್ಷದ ಹೂಮೊಗ್ಗು ಒಳಗೊಳಗೇ ರೂಪ ಪಡೆಯುವುದೂ ಈ ವರ್ಷದ ಬೇಸಿಗೆಯಲ್ಲೇ. ಆಗ ಬಿಸಿಲು 30 ಡಿಗ್ರಿ ಸೆಲ್ಸಿಯಸ್ ದಾಟಿ ಹಲವು ದಿನ ಕಾದರೆ ಮುಂದಿನ ವರ್ಷ ಒಂದೇ ತೊಟ್ಟಿನಲ್ಲಿ ಅಂಟಿಕೊಂಡ ಜೋಡಿಹಣ್ಣು ಜಾಸ್ತಿ. ಆದರೆ ಕೊಯ್ಲು ಮುಗಿದ ಕೂಡಲೇ ಮರವನ್ನು ಮರೆತುಬಿಡುವವರೇ ಹೆಚ್ಚು! ಮರ ನೀರಿಗೆ, ನೆರವಿಗೆ ಕಾಯುವ ಹೊತ್ತು ಅದು. ಪಾಚಿಯ ಸಾರಕ್ಕೆ ಒಂದೇ ಹೆಚ್ಚುವರಿ ಸಲ ಖರ್ಚು ಮಾಡುವುದಾದರೆ ನಾನು ಆಗಲೇ ಮಾಡುತ್ತೇನೆ.

ಮಣ್ಣಿನ ಕೆಳಗಿನದ್ದು ಬೇರೆಯದೇ ಕಥೆ. ಬೇರಿನೊಳಗೆ ಹೊಕ್ಕು, ಹೊರಗೆ ಕೂದಲಿಗಿಂತ ತೆಳುವಾದ ಎಳೆಗಳನ್ನು ಹರಡಿ ರಂಜಕ ತಂದುಕೊಡುವ ಮೈಕೊರೈಜಾ ಶಿಲೀಂಧ್ರಗಳು 40 ಕೋಟಿ ವರ್ಷಗಳಿಂದ ಗಿಡಗಳ ಜೊತೆಗಿವೆ. ಚೆರಿ ಬೇರಿಗೂ ಇವುಗಳ ಸ್ನೇಹ ಇದೆ. ಸಸಿ ನೆಡುವಾಗ ಬೇರಿಗೆ ತಾಗುವಂತೆ ಕೊಟ್ಟರೆ ಲಾಭ, ಸುಮ್ನೆ ಮೇಲೆ ಚೆಲ್ಲಿದರೆ ಅಷ್ಟು ಪ್ರಯೋಜನ ಇಲ್ಲ. ರಂಜಕ ಧಾರಾಳವಾಗಿರುವ ಗೊಬ್ಬರ ಸುರಿದರೆ ಮರಕ್ಕೆ ಈ ಶಿಲೀಂಧ್ರ ಬೇಡವಾಗುತ್ತದೆ, ಸಂಬಂಧ ಸಡಿಲವಾಗುತ್ತದೆ. ಕಾಂಪೋಸ್ಟ್‌ನಿಂದ ಬರುವ ಹ್ಯೂಮಿಕ್ ಆಮ್ಲ ಕಬ್ಬಿಣದಂಥ ಅಂಶಗಳನ್ನು ಬೇರಿಗೆ ಸಿಗುವ ಹಾಗೆ ಹಿಡಿದಿಡುತ್ತದೆ. ಆದರೆ ಬುಡದಲ್ಲಿ ನೀರು ನಿಂತರೆ ಚೆರಿ ಬೇರು ಉಸಿರುಗಟ್ಟುತ್ತದೆ, ಆಗ ಇದ್ಯಾವುದೂ ಕಾಪಾಡದು. ಸೀಗಡಿ, ಏಡಿಯ ಚಿಪ್ಪಿನಿಂದ ಮಾಡುವ ಕೈಟೋಸಾನ್ ಕೂಡ ಬಳಕೆಯಲ್ಲಿದೆ. ಅದು ಹಣ್ಣಿನ ಮೇಲೆ ತೆಳು ಪದರವಾಗಿ ಕೂರುತ್ತದೆ, ರೋಗದ ವಿರುದ್ಧ ಮರವನ್ನು ಎಚ್ಚರಿಸುತ್ತದೆ. ಹಣ್ಣಿನ ನೊಣಕ್ಕೆ ಮಾತ್ರ ಇವು ಯಾವುವೂ ಮದ್ದಲ್ಲ, ಅದಕ್ಕೆ ಬಲೆಯೇ ಬೇಕು.

ಒಂದು ಎಚ್ಚರಿಕೆ. ನೈಸರ್ಗಿಕ ಅಂತ ಬರೆದದ್ದೆಲ್ಲ ಸಾವಯವ ಪ್ರಮಾಣಪತ್ರಕ್ಕೆ ಒಪ್ಪಿಗೆ ಅಲ್ಲ. ಪಾಚಿಯಿಂದ ಸಾರ ತೆಗೆಯುವಾಗ ಏನು ಬಳಸಿದ್ದಾರೆ, ಆಮೇಲೆ ಏನು ಬೆರೆಸಿದ್ದಾರೆ ಅನ್ನುವುದನ್ನು ನೋಡಿಯೇ ಕೊಳ್ಳಿ. ಹೇಳಿದ್ದಕ್ಕಿಂತ ಗಟ್ಟಿಯಾಗಿ ಕಲಸಿದರೆ ಎಲೆ ಸುಡಬಹುದು. ಬಿಸಿಲೇರುವ ಮುಂಚೆ ಅಥವಾ ಸಂಜೆ ಸಿಂಪಡಿಸಿ.

ನಿಮ್ಮ ತೋಟದಲ್ಲಿ ಕೆಲಸ ಮಾಡಿತೋ ಇಲ್ಲವೋ ತಿಳಿಯಲು ಒಂದು ಸಾಲು ಮರಗಳಿಗೆ ಬರೀ ನೀರು ಸಿಂಪಡಿಸಿ ಬಿಡಿ. ಚೆರಿ ಕಿತ್ತ ಮೇಲೆ ಸಿಹಿಯಾಗುವ ಹಣ್ಣಲ್ಲ, ಆದ್ದರಿಂದ ಎರಡೂ ಕಡೆಯಿಂದ ಪೂರ್ತಿ ಮಾಗಿದ, ಒಂದೇ ಬಣ್ಣದ ತಲಾ 50 ಹಣ್ಣುಗಳನ್ನು ತೊಟ್ಟಿನ ಸಮೇತ ಕೊಯ್ಯಿರಿ. ಎರಡು ಪಾತ್ರೆಯಲ್ಲಿ ಡಿಸ್ಟಿಲ್ಡ್ ನೀರು ತುಂಬಿ ಮುಳುಗಿಸಿಡಿ. ಎರಡು, ನಾಲ್ಕು, ಆರು ಗಂಟೆ ಆದಾಗ ಒಡೆದ ಹಣ್ಣುಗಳನ್ನು ಎಣಿಸಿ ತೆಗೆದಿಡಿ. ಸಂಶೋಧಕರು ಒಡೆಯುವಿಕೆಯ ಸೂಚ್ಯಂಕ ಲೆಕ್ಕ ಹಾಕುವುದೂ ಹೀಗೆಯೇ. ಬೇಗ ಒಡೆದ ಹಣ್ಣಿಗೆ ಹೆಚ್ಚು ಅಂಕ, ತಡವಾಗಿ ಒಡೆದದ್ದಕ್ಕೆ ಕಮ್ಮಿ. ಮುಂದಿನ ವರ್ಷ ಆ ಡಬ್ಬ ಕೊಳ್ಳಬೇಕೋ ಬೇಡವೋ ಅನ್ನುವುದು ಸಂಜೆಯೊಳಗೆ ಆ ಎರಡು ಪಾತ್ರೆಗಳಲ್ಲಿ ಕಾಣುತ್ತದೆ.